ಟ್ರಂಕಿಗೆ ಕೀಲಿ ನಡೀತದ, ಕಂಪ್ಯೂಟರಿಗೆ ಯಾಕ ನಡಿಯಂಗಿಲ್ಲ?

ಪಂಚಮಿ ಉಂಡಿ ಕಟ್ಟೂ ಮುಂದ ನಮ್ಮ ಅಡಿಗಿ ಮನ್ಯಾಗ ಐದಾರು ಮಂದಿ ಕೂಡಿದ್ವಿ. ಮಾತಿಗೆ ಮಾತು ಬಂದು, “ನಮ್ಮನಿ ಕಂಪ್ಯೂಟರಿನ್ಯಾಗ ನಂದ ಒಂದು ಬ್ಯಾರೆ ಅಕೌಂಟ್ ಮಾಡ್ಕೊಂಡೀನಿ, ಅದಕ್ಕ ಪಿನ್ನೂ ಇಟ್ಟೀನಿ” ಅಂದೆ. ಎಲ್ಲಾರೂ ನಕ್ಕರು. ನಮ್ಮ ನೆಗೆಣ್ಣಿ ಅಂತೂ, “ಅಯ್ಯ, ಈ ವಯಸ್ಸಿನ್ಯಾಗ ನಿಂದೇನ ಅಂಥಾ ಗುಟ್ಟು?” ಅಂದ್ಲು. ಒಬ್ಬ ವೈನಿ, “ಮನಿ ಮಂದಿ ಮ್ಯಾಲ ನಂಬಿಕಿ ಇಲ್ಲೇನು?” ಅಂತ ಕೇಳಿದ್ರು. ಹಬ್ಬದ ದಿನ ವಾದ ಯಾಕ ಅಂತ ಅವತ್ತ ನಾನೂ ನಕ್ಕು ಸುಮ್ಮನಾದೆ. ಆದ್ರ ಆ ಎರಡೂ ಮಾತು ಮನಸಿನ್ಯಾಗ ಕೂತಾವ. ಅದಕ್ಕ ಇವತ್ತ ಉತ್ತರ ಬರೀಲಿಕ್ಕತ್ತೀನಿ. ಉದ್ದಾದ್ರ ಬೈಬ್ಯಾಡ್ರಿ, ಕಡೀತನಕ ಓದ್ರಿ.

ಮೊದಲ ಏನಾತು ಅಂತ ಹೇಳಿಬಿಡ್ತೀನಿ. ನಮ್ಮನಿ ಕಂಪ್ಯೂಟರ್ ಪಡಸಾಲ್ಯಾಗ ಅದ. ಮಗನ ಕಾಲೇಜಿನ ಸಲುವಾಗಿ ತಂದದ್ದು. ಅವಾ ನೌಕರಿಗೆ ಪುಣೆಕ್ಕ ಹೋದ ಮ್ಯಾಲ ಮನೀಗೇ ಉಳೀತು. ಅದರಾಗ ಇದ್ದದ್ದು ಒಂದ ಅಕೌಂಟ್, ಮಗನ ಹೆಸರಿಂದು. ಪಾಸ್‌ವರ್ಡ್ ಇಲ್ಲ. ಜೋಡಿಸಿ ಕೊಟ್ಟ ಅಂಗಡಿ ಹುಡುಗ, “ಪಾಸ್‌ವರ್ಡ್ ಯಾಕ್ರಿ ಕಾಕು, ಮರ್ತುಬಿಡ್ತೀರಿ” ಅಂದಿದ್ದ. ನಾವೂ ಹೂಂ ಅಂದಿದ್ವಿ. ನಮ್ಮವರು ಅದರಾಗ ಕರೆಂಟ್ ಬಿಲ್ ಕಟ್ಟತಿದ್ರು, ಓಣಿ ಹುಡುಗರು ಬಂದು ಸಾಲಿ ಪ್ರಾಜೆಕ್ಟ್ ಮಾಡ್ತಿದ್ವು, ಊರಿಂದ ಬಂದವರು ರೈಲ್ವೆ ತಿಕೀಟ್ ತಗೀತಿದ್ರು. ನಾನೂ ಕಲತು ಜೀಮೇಲ್ ತೆಗದೆ. ಮಗಳು ಅದರಾಗ ನನಗ ಉದ್ದುದ್ದ ಪತ್ರ ಬರೀತಿದ್ಲು. ಫೋನಿನ್ಯಾಗ ಮಾತಾಡಬೇಕಂದ್ರ ಅಕಿ ಅತ್ತಿಮನ್ಯಾಗ ಸುತ್ತ ಮಂದಿ. ಬರಿಯೂದು ಅಕಿಗೆ ಸಲೀಸು.

ಹೋದ ವರ್ಷ ಒಂದಿನ ಅಕಿ ಪತ್ರ ಬಂತು. ಡಾಕ್ಟರು ಏನಂದ್ರು, ಯಾವ ಟೆಸ್ಟ್ ಬರಕೊಟ್ಟರು, ಅತ್ತೀಗೆ ಇನ್ನೂ ಯಾಕ ಹೇಳಿಲ್ಲ, ಎಲ್ಲಾ ಬರದಿದ್ಲು. ಅರ್ಧಾ ಓದಿದ್ದೆ, ಒಲಿ ಮ್ಯಾಲ ಹಾಲು ಉಕ್ಕಿದ ವಾಸನಿ ಬಂತು, ಎದ್ದು ಓಡಿದೆ. ಅಷ್ಟ್ರಾಗ ನಮ್ಮ ಬಳಗದವರೊಬ್ಬರು ತಿಕೀಟ್ ನೋಡಲಿಕ್ಕೆ ಬಂದು ಖುರ್ಚಿ ಮ್ಯಾಲ ಕೂತಿದ್ರು. ಎದುರಿಗೇ ಪತ್ರ. ಓದಿದ್ರು. ಅವರು ಕೆಟ್ಟವರಲ್ಲ, ಅವರ ಜಾಗಾದಾಗ ನಾ ಇದ್ದಿದ್ರೂ ಕಣ್ಣು ನಾಕ ಸಾಲಿನ ಮ್ಯಾಲ ಹೋಗೇ ಹೋಗ್ತಿತ್ತು. “ಪಾಪ ಹುಡುಗಿ” ಅನ್ನೋ ಮನಸಿನಿಂದನ ಇನ್ನೊಬ್ಬರ ಮುಂದ ಹೇಳಿದ್ರು, ಅವರು ಮತ್ತೊಬ್ಬರ ಮುಂದ. ಎಂಟ ದಿನದಾಗ ಆ ಮಾತು ಮಗಳ ಅತ್ತಿಮನಿ ಮುಟ್ಟಿತು. ಸೊಸಿ ಬಾಯಿಂದ ಕೇಳಬೇಕಾದ ಮಾತು ಮಂದಿ ಬಾಯಿಂದ ಕೇಳಿ ಅವರಿಗೂ ನೋವಾತು.

ಮಗಳು ನನಗ ಬೈಲಿಲ್ಲ. “ಅಮ್ಮಾ, ನಾ ನಿನಗೊಬ್ಬಾಕಿಗೇ ಬರದಿದ್ದೆ” ಅಂದ್ಲು, ಅಷ್ಟ. ಅವತ್ತಿಂದ ಪತ್ರ ಇಲ್ಲ. “ಆರಾಮ ಇದ್ದೀನಿ” ಅಂತ ಎರಡ ಶಬ್ದದ ಮೆಸೇಜ್ ಬರ್ತದ. ಯಾವ ಕಳ್ಳನೂ ನಮ್ಮನಿ ಕಂಪ್ಯೂಟರ್ ಹೊಕ್ಕಿರಲಿಲ್ಲ. ಬಾಗಲಾ ನಾನ ತೆರದಿಟ್ಟಿದ್ದೆ.

ಈಗ ನೆಗೆಣ್ಣಿ ಮಾತಿಗೆ ಬರ್ತೀನಿ, “ಏನ ಗುಟ್ಟು?” ನಮ್ಮತ್ತೀದು ಒಂದು ತಗಡಿನ ಟ್ರಂಕ್ ಇತ್ತು. ಅದರ ಚಾವಿ ಯಾವಾಗಲೂ ಸೊಂಟದಾಗ ಸಿಗಿಸಿಕೊಂಡಿರ್ತಿದ್ರು. ಒಳಗ ಏನಿತ್ತು? ಎರಡು ಇಳಕಲ್ ಸೀರಿ, ತವರಮನಿ ಫೋಟೋ, ಒಂದಿಷ್ಟು ಪತ್ರ, ಅರಿವಿ ಗಂಟಿನ್ಯಾಗ ಅಷ್ಟಿಷ್ಟು ರೊಕ್ಕ. ಮನಿ ತುಂಬ ಮಂದಿ ಇದ್ರೂ ಯಾರೂ “ನಮ್ಮ ಮ್ಯಾಲ ನಂಬಿಕಿ ಇಲ್ಲೇನು” ಅಂತ ಕೇಳಲಿಲ್ಲ. ಮಾವನವರು ಸುದ್ದಾ ಕೇಳದ ಮುಟ್ಟತಿರಲಿಲ್ಲ. ಆ ಕೀಲಿ ಯಾರ ಮ್ಯಾಲಿನ ಸಂಶಯನೂ ಆಗಿರಲಿಲ್ಲ. ಇದು ಇವರದು, ಕೇಳಿ ಮುಟ್ಟಬೇಕು ಅನ್ನೋ ಮರ್ಯಾದಿ ಅದು.

ಈಗ ಮನ್ಯಾಗಿನ ಗಂಡಸರ ಫೋನ್ ನೋಡ್ರಿ. ಅವರ ಬೆರಳು ಹಚ್ಚದ ತೆರಿಯಂಗಿಲ್ಲ. ಹತ್ತನೇತ್ತೆ ಹುಡುಗನ ಫೋನಿಗೂ ಪ್ಯಾಟರ್ನ್ ಇರ್ತದ. ಅವರಿಗೆ ಯಾರೂ ಗುಟ್ಟೇನು ಅಂತ ಕೇಳಂಗಿಲ್ಲ. ನಾವು ಕೀಲಿ ಹಾಕಿದ್ರಷ್ಟ ನಗು. ಅದೂ ನಗೋರು ಗಂಡಸರಲ್ಲ, ನಾವ ಹೆಂಗಸರು! ನನಗ ಸಿಟ್ಟು ಬಂದದ್ದು ಇದಕ್ಕ.

ವಯಸ್ಸಿನ ಮಾತು ತಗದ್ರಿ ಅಂತ ಒಂದು ಸಂಗತಿ ಹೇಳ್ತೀನಿ. ಆಧಾರದ ವಿಷಯದಾಗ ಸುಪ್ರೀಂ ಕೋರ್ಟಿಗೆ ಹೋದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2012ರಾಗ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. ಆ ಪ್ರಕರಣದಾಗ 2017ರ ಆಗಸ್ಟ್ 24ಕ್ಕ ಒಂಬತ್ತು ಮಂದಿ ನ್ಯಾಯಮೂರ್ತಿಗಳು ಕೂಡಿ, ಖಾಸಗಿತನ ಮೂಲಭೂತ ಹಕ್ಕು ಅಂತ ಒಮ್ಮತದಿಂದ ಹೇಳಿದ್ರು. ಅದು ಸರಕಾರದ ಎದುರಿನ ಹಕ್ಕು, ನಮ್ಮ ಪಡಸಾಲಿ ಜಗಳ ಅಲ್ಲ ಅಂತ ನನಗೂ ಗೊತ್ತದ. ಆದ್ರ “ಈ ವಯಸ್ಸಿನ್ಯಾಗ ನಿಂದೇನ ಗುಟ್ಟು” ಅನ್ನೋರಿಗೆ ಅವರ ವಯಸ್ಸ ಉತ್ತರ.

ಇನ್ನ ವೈನಿ ಮಾತು, ನಂಬಿಕಿದು. ಅಕೌಂಟ್ ಅಂದ್ರ ಏನಂತ ತಿಳಕೊಂಡ್ರ ಈ ಪ್ರಶ್ನೆನ ಬರಂಗಿಲ್ಲ. ವಿಂಡೋಸ್‌ನ್ಯಾಗ ಒಂದ ಕಂಪ್ಯೂಟರಿನ ಒಳಗ ಮನಿ ಮಂದಿಗೆಲ್ಲಾ ಬ್ಯಾರೆ ಬ್ಯಾರೆ ಖೋಲಿ ಮಾಡಿಕೊಡಬಹುದು. ಅದ ಅಕೌಂಟ್. ನಿಮ್ಮ ಖೋಲ್ಯಾಗ ನಿಮ್ಮ ಫೋಟೋ, ನಿಮ್ಮ ಫೈಲು, ನೀವು ತೆರದಿಟ್ಟ ಮೇಲ್. ಮದವಿ ಫೋಟೋ, ಮುಂಜವಿ ಫೋಟೋ ಎಲ್ಲಾರೂ ನೋಡಬೇಕಂದ್ರ ಪಬ್ಲಿಕ್ ಅನ್ನೋ ಫೋಲ್ಡರ್ ಅದ, ಅದು ಪಡಸಾಲಿ ಇದ್ದಂಗ. ಮನಿ ಅಂದ ಮ್ಯಾಲ ಪಡಸಾಲಿನೂ ಬೇಕು, ಖೋಲಿನೂ ಬೇಕು. ಬರೇ ಪಡಸಾಲಿ ಇದ್ರ ಅದು ಛತ್ರ ಆಗ್ತದ.

ಅಕೌಂಟಿನ್ಯಾಗ ಎರಡು ನಮೂನಿ. ಒಂದು ಅಡ್ಮಿನಿಸ್ಟ್ರೇಟರ್, ಅಂದ್ರ ಮನಿ ಯಜಮಾನಿಕಿ. ಹೊಸಾ ಸಾಫ್ಟ್‌ವೇರ್ ಹಾಕೂದು, ಬ್ಯಾರೆಯವರ ಅಕೌಂಟ್ ಮಾಡೂದು, ತಗಿಯೂದು ಇದರ ಕೈಯಾಗ. ಇನ್ನೊಂದು ಸ್ಟ್ಯಾಂಡರ್ಡ್. ಮೇಲ್ ಓದೂದು, ಬಿಲ್ ಕಟ್ಟೂದು, ತಿಕೀಟ್ ತಗಿಯೂದು, ಹಾಡು ಕೇಳೂದು ಎಲ್ಲಾ ಇದರಾಗ ಆಗ್ತದ. ಆದ್ರ ಇಡೀ ಕಂಪ್ಯೂಟರಿಗೆ ಹತ್ತೂ ಅಂಥಾ ಕೆಲಸ ಮಾಡಲಿಕ್ಕೆ ಹೋದ್ರ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಕೇಳ್ತದ. ಅದಕ್ಕ ದಿನಾ ಬಳಸಲಿಕ್ಕೆ ಎಲ್ಲಾರಿಗೂ ಸ್ಟ್ಯಾಂಡರ್ಡ್ ಸಾಕು. ಓಣಿ ಹುಡುಗ ಆಟ ಇಳಸಲಿಕ್ಕೆ ಹೋದಾಗ ಪಾಸ್‌ವರ್ಡ್ ಕೇಳಿತಂದ್ರ, ಅವಾ ಬಂದು ನಮ್ಮನ್ನ ಕೇಳ್ತಾನ. ಇದು ನಂಬಿಕಿ ಇಲ್ಲದ್ದಲ್ಲ, ವೈನಿ. ಉಪ್ಪಿನಕಾಯಿ ಭರಣಿಗೆ ಎಲ್ಲಾರ ಕೈ ಹಾಕಸಂಗಿಲ್ಲಲ್ಲ, ಹಂಗ.

ಮಾಡೂದು ಹೆಂಗ ಅಂತ ಹೇಳ್ತೀನಿ, ನಾನ ಕೂತು ಮಾಡೀನಿ. ಸೆಟ್ಟಿಂಗ್ಸ್ ತೆರೀರಿ, ಅಕೌಂಟ್ಸ್ ಅನ್ನೋದು ಒತ್ರಿ, ಅದರಾಗ ಅದರ್ ಯೂಸರ್ಸ್ ಅಂತ ಇರ್ತದ. ಹಳೇ ವಿಂಡೋಸ್ 10ರಾಗ ಫ್ಯಾಮಿಲಿ ಅಂಡ್ ಅದರ್ ಯೂಸರ್ಸ್ ಅಂತ ಇರ್ತದ. ಅಲ್ಲೆ ಹೊಸಾ ಅಕೌಂಟ್ ಸೇರಸ್ರಿ. ಮೊದಲ ಮೇಲ್ ವಿಳಾಸ ಕೇಳ್ತದ. ಕೊಡಲಿಕ್ಕೆ ಮನಸಿಲ್ಲಂದ್ರ, ಇವರ ಸೈನ್ ಇನ್ ಮಾಹಿತಿ ನನ್ನ ಹತ್ರ ಇಲ್ಲ ಅನ್ನೋ ಅರ್ಥದ ಸಾಲು ಕೆಳಗ ಇರ್ತದ, ಅದನ್ನ ಒತ್ರಿ. ಮುಂದಿನ ಪುಟದಾಗ ಮೈಕ್ರೋಸಾಫ್ಟ್ ಅಕೌಂಟ್ ಇಲ್ಲದ ಯೂಸರ್ ಸೇರಸಲಿಕ್ಕೆ ದಾರಿ ಅದ. ಹೆಸರು, ಎರಡು ಸಲ ಪಾಸ್‌ವರ್ಡ್, ಮೂರು ಪ್ರಶ್ನೆಗೆ ಉತ್ತರ ಕೊಟ್ರ ಖೋಲಿ ತಯಾರ. ಹಿಂಗ ಮಾಡಿದ್ದು ತಾನಾಗೇ ಸ್ಟ್ಯಾಂಡರ್ಡ್ ಇರ್ತದ. ಬಂದವರ ಸಲುವಾಗಿ ನಾ ಒಂದು ಬ್ಯಾರೆ ಅಕೌಂಟ್ ಮಾಡಿ ‘ಕಟ್ಟಿ’ ಅಂತ ಹೆಸರಿಟ್ಟೀನಿ. ಮನಿ ಮುಂದಿನ ಕಟ್ಟಿ ಮ್ಯಾಲ ಯಾರ ಬಂದು ಕೂತ್ರೂ ಯಾರೂ ಬ್ಯಾಡ ಅನ್ನಂಗಿಲ್ಲಲ್ಲ. ತಿಕೀಟ್ ತಗಿಯೋರು ಅಲ್ಲೇ ತಗೀಲಿ.

ಒಂದು ಎಚ್ಚರ. ಹೊಸಾ ಅಕೌಂಟಿಗೆ ಕೀಲಿ ಹಾಕಿ, ಹಳೇ ಅಡ್ಮಿನಿಸ್ಟ್ರೇಟರ್ ಅಕೌಂಟ್ ಪಾಸ್‌ವರ್ಡ್ ಇಲ್ಲದ ಬಿಟ್ರ, ಮುಂದಿನ ಬಾಗಲಕ್ಕ ಕೀಲಿ ಹಾಕಿ ಹಿತ್ತಲ ಬಾಗಲಾ ತೆರದಿಟ್ಟಂಗ. ಯಾಕಂದ್ರ ಅಡ್ಮಿನಿಸ್ಟ್ರೇಟರ್ ಮನಸು ಮಾಡಿದ್ರ ಬ್ಯಾರೆಯವರ ಖೋಲಿ ಹೊಕ್ಕು ನೋಡಬಹುದು. ಮೊದಲ ಅದಕ್ಕ ಪಾಸ್‌ವರ್ಡ್ ಹಾಕ್ರಿ. ನಮ್ಮನ್ಯಾಗ ಆ ಪಾಸ್‌ವರ್ಡ್ ನಮ್ಮವರಿಗೂ ನನಗೂ ಇಬ್ಬರಿಗೇ ಗೊತ್ತು. ಹಳೇ ಅಕೌಂಟಿನ್ಯಾಗ ನಿಮ್ಮ ಜೀಮೇಲ್ ತೆರದ ಉಳದಿದ್ರ ಅಲ್ಲಿಂದ ಸೈನ್ ಔಟ್ ಮಾಡೂದು ಮರೀಬ್ಯಾಡ್ರಿ. ಹಳೇ ಅಕೌಂಟ್ ಅಳಸಬೇಕಂದ್ರ ಮೊದಲ ಒಳಗಿನ ಫೋಟೋ, ಫೈಲು ಬ್ಯಾರೆ ಕಡೆ ಇಟ್ಕೋರಿ. ಅಕೌಂಟ್ ಜೋಡಿ ಅವೂ ಹೋಗ್ತಾವ.

“ನಮಗ ನೆನಪಿರಂಗಿಲ್ಲ” ಅಂತೀರಿ. ಈ ಮಾತಂತೂ ನಾ ಒಪ್ಪಂಗಿಲ್ಲ. ಬಳಗದಾಗ ಯಾರ ತಿಥಿ ಯಾವತ್ತು, ಯಾರ ಮದವ್ಯಾಗ ಯಾರು ಏನು ಉಡುಗೊರಿ ಕೊಟ್ಟರು, ಹಾಲಿನವಗ ಎಷ್ಟು ಕೊಡೂದದ, ಎಲ್ಲಾ ತಲ್ಯಾಗ ಇಟ್ಕೊಂಡೋರು ನಾವು. ನಾಕ ಅಂಕಿ ಮರೀತೀವೇನು? ಪಿನ್ ಅಂದ್ರ ಅಷ್ಟ. 1234 ಬ್ಯಾಡ, ಹುಟ್ಟಿದ ತಾರೀಖು ಬ್ಯಾಡ, ಮನಿ ನಂಬರ್ ಬ್ಯಾಡ. ವಿಂಡೋಸ್ ಪಿನ್ ಆ ಒಂದು ಕಂಪ್ಯೂಟರಿಗಷ್ಟ ನಡೀತದ. ಜೀಮೇಲ್ ಪಾಸ್‌ವರ್ಡ್ ಹಂಗಲ್ಲ, ಅದು ಯಾವ ಊರಿಂದ ಹಾಕಿದ್ರೂ ನಡೀತದ. ಅದಕ್ಕ ಅದು ಉದ್ದ ಇರಲಿ, ಬ್ಯಾರೆ ಇರಲಿ. ಅಷ್ಟೂ ಅಂಜಿಕಿ ಇದ್ರ ಡೈರ್‍ಯಾಗ ಬರದು ಕಪಾಟಿನ್ಯಾಗ ಸೀರಿ ಕೆಳಗ ಇಟ್ಟು ಕೀಲಿ ಹಾಕ್ರಿ. ಕಂಪ್ಯೂಟರಿಗೆ ಚೀಟಿ ಅಂಟಸಬ್ಯಾಡ್ರಿ.

ಆ ಮೂರು ಪ್ರಶ್ನೆ ನೋಡಿದ್ರ ನಗು ಬರ್ತದ. ಸಣ್ಣಾಕಿ ಇದ್ದಾಗ ನಿಮಗ ಏನಂತ ಕರೀತಿದ್ರು, ನೀವು ಹುಟ್ಟಿದ ಊರು ಯಾವುದು, ಇಂಥಾವು. ನಮ್ಮ ಬಳಗದಾಗ ಇದು ಯಾರಿಗೆ ಗೊತ್ತಿಲ್ಲ? ಉತ್ತರ ಖರೇ ಇರಬೇಕಂತ ಏನಿಲ್ಲ, ನಿಮಗ ನೆನಪಿದ್ರ ಸಾಕು. ನಾ ಹುಟ್ಟಿದ ಊರು ಕೇಳಿದ್ರ ಒಂದು ತರಕಾರಿ ಹೆಸರು ಬರದೀನಿ. ಯಾವ ತರಕಾರಿ ಅಂತ ಹೇಳಂಗಿಲ್ಲ!

ಇನ್ನೊಂದು ಭಾಳ ಮುಖ್ಯದ್ದು. ನಿಮ್ಮ ಜೀಮೇಲಿಗೆ ಯಾರ ಫೋನ್ ನಂಬರ್ ಕೊಟ್ಟೀರಿ, ತಗದು ನೋಡ್ರಿ. ನಂದು ಮಗನ ನಂಬರ್ ಇತ್ತು. ಪಾಸ್‌ವರ್ಡ್ ಮರತ್ರ ಓಟಿಪಿ ಪುಣೆಕ್ಕ ಹೋಗ್ತಿತ್ತು. ಕೀಲಿ ನಂದು, ಚಾವಿ ಅವನ ಕಡೆ! ಮಗ ಎಷ್ಟ ಛಲೋ ಇದ್ರೂ ಅವ್ವನ ಚಾವಿ ಅವ್ವನ ಸೊಂಟದಾಗ ಇರಬೇಕು. ಈಗ ನನ್ನ ನಂಬರ್ ಹಾಕ್ಕೊಂಡೀನಿ. ಗೂಗಲ್ ಅಕೌಂಟಿನ್ಯಾಗ ಸೆಕ್ಯೂರಿಟಿ ಅನ್ನೋ ಪುಟ ತೆರದ್ರ, ನಿಮ್ಮ ಮೇಲ್ ಎಲ್ಲೆಲ್ಲೆ, ಯಾವ ಫೋನು ಯಾವ ಕಂಪ್ಯೂಟರಿನ್ಯಾಗ ತೆರದದ ಅಂತ ಪಟ್ಟಿ ತೋರಸ್ತದ. ಬ್ಯಾಡಾದ್ದನ್ನ ಅಲ್ಲಿಂದನ ಸೈನ್ ಔಟ್ ಮಾಡಬಹುದು.

“ನಾಳೆ ನಮಗ ಏನರ ಆದ್ರ, ಮನಿ ಮಂದಿಗೆ ಏನೂ ಸಿಗಂಗಿಲ್ಲಲ್ಲ?” ಅಂತ ಪಕ್ಕದ ಮನಿ ಅಕ್ಕಾರು ಕೇಳಿದ್ರು. ಈ ಪ್ರಶ್ನೆ ಮಾತ್ರ ಖರೇ ಪ್ರಶ್ನೆ. ಅದಕ್ಕ ನಾ ಮಾಡಿದ್ದು ಇಷ್ಟ: ಪಾಸ್‌ವರ್ಡ್ ಬರದು ಲಕೋಟಿಗೆ ಅಂಟು ಹಚ್ಚಿ ತಿಜೋರ್‍ಯಾಗ ಇಟ್ಟೀನಿ, ಅಲ್ಲೆ ಅದ ಅಂತ ಮನ್ಯಾಗ ಹೇಳೀನಿ. ಬೇಕಾದ ದಿನ ಒಡೀಲಿ. ಬೇಕಾದಾಗ ತೆರಿಯೂದು ಬ್ಯಾರೆ, ದಿನಾ ತೆರದ ಇರೂದು ಬ್ಯಾರೆ.

ಕಡೀ ಮಾತು. ಕೀಲಿ ಇದ್ರೂ ಹಾಕೂದು ಮರತ್ರ ಏನೂ ಉಪಯೋಗಿಲ್ಲ. ಕಂಪ್ಯೂಟರ್ ಮುಂದಿಂದ ಏಳೂ ಮುಂದ ವಿಂಡೋಸ್ ಗುರುತಿನ ಕೀ ಹಿಡಕೊಂಡು ಎಲ್ ಒತ್ರಿ. ಪರದೆ ಮುಚ್ಚತದ, ಪಿನ್ ಹಾಕಿದ್ರ ಮತ್ತ ಎಲ್ಲಿದ್ರೋ ಅಲ್ಲಿಂದನ ಓದಬಹುದು. ಹಾಲು ಉಕ್ಕಿದ್ರ ಉಕ್ಕಲಿ, ಒಲಿ ಒರಸಿದ್ರ ಹೋಗ್ತದ. ಮಂದಿ ಬಾಯಿಗೆ ಹೋದ ಮಾತು ಒರಸಲಿಕ್ಕೆ ಬರಂಗಿಲ್ಲ.

ದೀಪಾವಳಿಗೆ ಮನಿ ಜಾಡಸೂ ಮುಂದ ಕಂಪ್ಯೂಟರ್ ಮ್ಯಾಲಿನ ಧೂಳಾ ಒರಸ್ತೀರಲ್ಲ, ಅವತ್ತ ಅರ್ಧಾ ತಾಸು ಕೂತು ನಿಮ್ಮ ಹೆಸರಿಂದ ಒಂದು ಖೋಲಿ ಮಾಡ್ಕೋರಿ. ಯಾರರ ನಕ್ಕರ ನನ್ನ ಕಡೆ ಕಳಸ್ರಿ.

ಮಗಳಿಗೆ ಎಲ್ಲಾ ಹೇಳೀನಿ, ಈಗ ನಂದ ಅಕೌಂಟ್ ಅದ, ಪಿನ್ ಅದ, ನಾ ಒಬ್ಬಾಕಿನ ಓದ್ತೀನಿ ಅಂತ. “ಹೂಂ, ನೋಡ್ತೀನಮ್ಮಾ” ಅಂದಾಳ. ಉದ್ದಂದು ಪತ್ರ ಇನ್ನೂ ಬಂದಿಲ್ಲ. ದಿನಾ ಸಂಜಿಗೆ ದೀಪಾ ಹಚ್ಚಿದ ಮ್ಯಾಲ ಒಮ್ಮೆ ತೆರದು ನೋಡ್ತೀನಿ.