ಎಕ್ಕದ ಜೋಡಿ ಸೋತಿದ್ದಕ್ಕೆ ಅಳೋ ಇಂಜಿನಿಯರುಗಳಿಗೆ

ಕ್ಯಾಲಿಫೋರ್ನಿಯಾದಲ್ಲಿರೋ ನಮ್ಮ ಸಾಫ್ಟ್‌ವೇರ್ ಮಂದಿಯಲ್ಲಿ ಪೋಕರ್ ಹುಚ್ಚಿನವರು ಕಮ್ಮಿಯೇನಿಲ್ಲ. ವಾರಾಂತ್ಯಕ್ಕೆ ಕಾರ್ಡ್ ರೂಮಿಗೆ ಹೋಗಿ 4-8 ಡಾಲರ್ ಲಿಮಿಟ್ ಹೋಲ್ಡೆಮ್ ಆಡೋದು, ಸೋಮವಾರ ಊಟದ ಹೊತ್ತಿಗೆ ಗೋಳು ಶುರು. "ಆ ಟೇಬಲ್ಲಲ್ಲಿ ಯಾರಿಗೂ ಆಡೋಕೇ ಬರಲ್ಲ ಮಾರಾಯ. ನನ್ನ ಹತ್ರ ಎಕ್ಕದ ಜೋಡಿ, ಯಾವನೋ ಏಳು-ನಾಲ್ಕು ಇಟ್ಕೊಂಡು ಗೆದ್ದ. ಇಂಥೋರ ಜೊತೆ ಗೆಲ್ಲೋಕಾಗಲ್ಲ."

ಅಲ್ಲಾ ಸ್ವಾಮಿ, ಎದುರಿಗಿರೋನು ಕೆಟ್ಟದಾಗಿ ಆಡಿದ್ರೆ ನಿಮಗೆ ನಷ್ಟ ಅನ್ನೋದು ಯಾವ ಸೀಮೆ ಗಣಿತ?

ಗೊತ್ತಿಲ್ಲದೋರಿಗೆ: ಹೋಲ್ಡೆಮ್‌ನಲ್ಲಿ ಪ್ರತಿಯೊಬ್ಬರ ಕೈಗೂ ಎರಡೆರಡು ಎಲೆ, ಮಧ್ಯದಲ್ಲಿ ಎಲ್ಲರಿಗೂ ಸೇರಿ ಐದು. ಲಿಮಿಟ್ ಅಂದ್ರೆ ಒಂದು ಸಲಕ್ಕೆ ಎಷ್ಟು ಹಾಕಬೇಕು ಅನ್ನೋದು ಮೊದಲೇ ನಿಗದಿ. ಮೊದಲೆರಡು ಸುತ್ತು 4 ಡಾಲರ್, ಕೊನೆಯೆರಡು ಸುತ್ತು 8.

ಎಕ್ಕದ ಜೋಡಿ ಒಬ್ಬನ ಎದುರು 100ಕ್ಕೆ ಸುಮಾರು 85 ಸಲ ಗೆಲ್ಲುತ್ತೆ. ಒಂಬತ್ತು ಜನ ಏನೇನೋ ಎಲೆ ಹಿಡ್ಕೊಂಡು ಕೊನೇವರೆಗೂ ಕೂತ್ರೆ? ಬರೀ 31 ಸಲ. "ನೋಡಿದ್ಯಾ, ನಾನು ಹೇಳ್ಲಿಲ್ವಾ" ಅಂತೀರಿ. ತಡೀರಿ. ಹತ್ತು ಪಾಲಲ್ಲಿ ನೀವು ಹಾಕಿದ್ದು ಒಂದು, ಸರಾಸರಿ ವಾಪಸ್ ಬರೋದು ಮೂರು! ಸೋಲೋದು ಜಾಸ್ತಿ ಸಲ, ದುಡ್ಡು ಬರೋದೂ ಜಾಸ್ತಿ. ಹಾಗಾಗಿ "ಯಾರೂ ಬಿಟ್ಟು ಹೋಗಲ್ಲ, ರೈಸ್ ಮಾಡಿ ಏನು ಪ್ರಯೋಜನ" ಅನ್ನೋ ವಾದ ಶುದ್ಧ ತಲೆಹರಟೆ. ಅವರು ಬಿಟ್ಟು ಹೋಗದಿರೋದೇ ಪ್ರಯೋಜನ.

ಇನ್ನು ಪಟ್ಟಿ ಭಕ್ತರು. ಸ್ಕ್ಲಾನ್ಸ್‌ಕಿ ಮತ್ತು ಮಾಲ್ಮತ್ 1988ರ ಪುಸ್ತಕದಲ್ಲಿ ಕೈಗಳನ್ನ ಎಂಟು ಗುಂಪು ಮಾಡಿದ್ರು. ನಮ್ಮೋರು ಅದನ್ನ ಮಗ್ಗಿ ಥರ ಬಾಯಿಪಾಠ ಮಾಡಿದ್ದಾರೆ. ಅದೇ ಲೇಖಕರು 1999ರ ಆವೃತ್ತಿಯಲ್ಲಿ ಸಡಿಲ ಟೇಬಲ್ಲುಗಳ ಬಗ್ಗೆ ಬೇರೆಯಾಗೇ ಬರೆದರು. 2004ರಲ್ಲಿ ಎಡ್ ಮಿಲ್ಲರ್ ಜೊತೆ ಸೇರಿ ಸಣ್ಣ ಬಾಜಿಯ ಆಟಕ್ಕೇ ಒಂದು ಪುಸ್ತಕ ತಂದರು. ಅದನ್ನ ಯಾರೂ ಓದಲ್ಲ!

ಆರು ಜನ ರೈಸ್ ಇಲ್ಲದೆ ಬರೋ ಟೇಬಲ್ಲಲ್ಲಿ ಕೈಗಳ ಬೆಲೆ ಬದಲಾಗುತ್ತೆ. ಬೇರೆ ಬೇರೆ ಜಾತಿಯ ರಾಜ-ಗುಲಾಮ ನೋಡೋಕೆ ಚೆಂದ, ಆದ್ರೆ ಅದು ಸಾಮಾನ್ಯವಾಗಿ ಕಟ್ಟೋದು ಒಂದೇ ಒಂದು ಜೋಡಿ. ಐದು ಜನರ ಎದುರು ಆ ಜೋಡಿ ಉಳಿಯೋದು ಕಷ್ಟ. ಅದೇ ಐದರ ಜೋಡಿಗೆ ಫ್ಲಾಪ್‌ನಲ್ಲಿ ಮೂರನೇ ಐದು ಸಿಗೋದು ಎಂಟೂವರೆಗೆ ಒಂದು ಸಲ, ಸಿಕ್ಕಾಗ ಕಾಸು ಕೊಡೋಕೆ ಟೇಬಲ್ ತುಂಬಾ ಜನ. ಒಂದೇ ಜಾತಿಯ ಎಕ್ಕ-ಆರು, ಗುಲಾಮ-ಹತ್ತು ಕೂಡ ಹೀಗೇ ಮೇಲೇರುತ್ತವೆ.

ನೀವು ಪೆದ್ದ ಅಂತೀರಲ್ಲ, ಅವನ ಲೆಕ್ಕ ನೋಡಿ. ಆರು ಜನ ತಲಾ 4 ಹಾಕಿ 24 ಆಯ್ತು, ಫ್ಲಾಪ್ ಮೇಲೆ ನೀವು ಇನ್ನೊಂದು 4 ಹಾಕಿ 28. ಫ್ಲಶ್‌ಗೆ ಒಂದೆಲೆ ಕಾಯ್ತಿರೋನಿಗೆ 4 ಕೊಟ್ರೆ 28 ಗೆಲ್ಲೋ ಅವಕಾಶ, ಒಂದಕ್ಕೆ ಏಳು. ಮುಂದಿನ ಎಲೆಯಲ್ಲೇ ಫ್ಲಶ್ ಆಗೋಕೆ ಅವನಿಗೆ ಬೇಕಿರೋದು ಒಂದಕ್ಕೆ ನಾಲ್ಕಕ್ಕಿಂತ ತುಸು ಜಾಸ್ತಿ ಅಷ್ಟೇ. ಗೊತ್ತಿದ್ದೋ ಗೊತ್ತಿಲ್ದೆಯೋ, ಅಲ್ಲಿ ಅವನು ಸರಿ ಇದಾನೆ :)

ಹಾಗಂತ "ಎಲ್ಲರೂ ಆಡ್ತಾರೆ, ನಾನೂ ಆಡ್ತೀನಿ" ಅನ್ನೋ ಇನ್ನೊಂದು ಪಂಗಡಕ್ಕೆ ನನ್ನ ಬೆಂಬಲ ಇಲ್ಲ. ಒಂದೇ ಜಾತಿಯ ಒಂಬತ್ತು-ನಾಲ್ಕಕ್ಕೆ ಫ್ಲಾಪ್‌ನಲ್ಲೇ ಫ್ಲಶ್ ಬರೋದು ನೂರಕ್ಕೆ ಒಂದು ಸಲಕ್ಕಿಂತಲೂ ಕಮ್ಮಿ, ಬಂದ್ರೂ ಯಾರ ಹತ್ರಾನೋ ಅದೇ ಜಾತಿಯ ರಾಣಿ ಇರಬಹುದು. ಜನ ಕೆಟ್ಟ ಎಲೆ ಆಡೋದ್ರಿಂದ ನಿಮಗೆ ಲಾಭ. ನೀವೂ ಅದನ್ನೇ ಆಡಿದ್ರೆ ಲಾಭ ಕಾರ್ಡ್ ರೂಮಿಗೆ ಮಾತ್ರ, ಅವರು ಪ್ರತಿ ಆಟಕ್ಕೂ ತಮ್ಮ ಶುಲ್ಕ ತಗೊಳ್ತಾನೇ ಇರ್ತಾರೆ.

ಒಂದು ಗಂಟೆಯಿಂದ ಬರೀ ಕಾಲ್ ಮಾಡ್ಕೊಂಡು ಕೂತಿದ್ದ ಅಜ್ಜ ಇದ್ದಕ್ಕಿದ್ದ ಹಾಗೆ ರೈಸ್ ಮಾಡಿದ್ರೆ ಐದರ ಜೋಡಿ, ರಾಜ-ಗುಲಾಮ ಎಲ್ಲ ಕೆಳಗಿಡಿ. ಆತ ಸುಳ್ಳು ಹೇಳ್ತಿಲ್ಲ.

ಟೇಬಲ್ ನಿಮ್ಮ ಪಟ್ಟಿಗೆ ಹೊಂದಿಕೊಳ್ಳಲ್ಲ ಸ್ವಾಮಿ, ಪಟ್ಟೀನ ನೀವೇ ಟೇಬಲ್ಲಿಗೆ ಹೊಂದಿಸಬೇಕು. ಅದಾಗಲ್ಲ ಅಂದ್ರೆ ಶನಿವಾರ ಮನೇಲಿ ಆರಾಮಾಗಿ ನಿದ್ದೆ ಮಾಡಿ, ಅದಕ್ಕೆ ಯಾರೂ ಶುಲ್ಕ ಕೇಳಲ್ಲ. ಏನಂತೀರಾ?