ವಾಕಿಟಾಕಿ ಕೊಂಡರೆ ಸಾಲದು

2025ರ ದೀಪಾವಳಿ ರಜೆ ಮುಗಿದು ಶಾಲೆ ತೆರೆದ ದಿನ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಚೀಲದಿಂದ ಒಂದು ವಾಕಿಟಾಕಿ ತೆಗೆದು ನನ್ನ ಮೇಜಿನ ಮೇಲಿಟ್ಟ. ಪುಣೆಯಲ್ಲಿರುವ ಅವನ ಕಾಕಾ ತರಿಸಿಕೊಟ್ಟದ್ದು. ಆ ಸೆಪ್ಟೆಂಬರಿನಲ್ಲಿ ಸೀನಾ ನದಿಗೆ ನೆರೆ ಬಂದು ನಮ್ಮ ದಕ್ಷಿಣ ಸೋಲಾಪುರ ತಾಲೂಕಿನ ನದಿದಂಡೆಯ ಊರುಗಳಿಗೆ ನೀರು ನುಗ್ಗಿದಾಗ, ಅವನ ಅತ್ತೆಯ ಮನೆಗೆ ಎರಡು ದಿನ ಫೋನು ಹತ್ತಿರಲಿಲ್ಲವಂತೆ. ಇನ್ನು ಮುಂದೆ ಹಾಗಾಗಬಾರದೆಂದು ಕಾಕಾ ದುಡ್ಡು ಸುರಿದಿದ್ದಾರೆ.

"ಸರ, ಬರೇ ಗರಗರ ಅಂತದ. ಯಾರೂ ಮಾತಾಡವಲ್ರು" ಎಂದ ಹುಡುಗ.

ನಾನು ಮೊದಲು ಮಾಡಿದ ಕೆಲಸವೆಂದರೆ ಬ್ಯಾಟರಿ ಬಿಚ್ಚಿ ಬೇರೆ ಇಟ್ಟದ್ದು. ಯಾಕೆಂದು ಮುಂದೆ ಹೇಳುತ್ತೇನೆ. ಸೋಲಾಪುರದ ಬೋರಾಮಣಿಯಲ್ಲಿ ಕುಳಿತ ಒಬ್ಬ ಕನ್ನಡ ಮಾಧ್ಯಮದ ಅಧ್ಯಾಪಕ ಈ ಸಂಗತಿಯನ್ನು ಕಾಸರಗೋಡಿನ ಪತ್ರಿಕೆಗೆ ಯಾಕೆ ಬರೆಯಬೇಕು ಎಂದು ವಾಚಕರು ಕೇಳಬಹುದು. ನಮ್ಮ ಸುತ್ತ ಮರಾಠಿ, ನಿಮ್ಮ ಸುತ್ತ ಮಲಯಾಳ. ಆಪತ್ಕಾಲದಲ್ಲಿ ನಮಗೂ ನಿಮಗೂ ಒದಗುವ ತೊಂದರೆ ಒಂದೇ. ಅಲ್ಲದೆ, ಈ ಯಂತ್ರ ಏನು ಮಾಡಬಲ್ಲದು ಎಂಬುದಕ್ಕೆ ಇತ್ತೀಚಿನ ಸಾಕ್ಷಿ ಇರುವುದು ನಿಮ್ಮ ರಾಜ್ಯದಲ್ಲೇ.

2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಗುಡ್ಡ ಕುಸಿದಾಗ ಮೊಬೈಲು ಸಂಪರ್ಕ ಕೈಕೊಟ್ಟಿತು. ಆಗ ಹ್ಯಾಮ್ ರೇಡಿಯೋ ಹವ್ಯಾಸಿಗಳು ಕಲ್ಪೆಟ್ಟದ ಕಲೆಕ್ಟರೇಟಿನಲ್ಲಿ ಒಂದು ಕೇಂದ್ರ ತೆರೆದರು. ಕುಸಿತದ ಜಾಗದಲ್ಲಿದ್ದವರ ಕೈಯಲ್ಲಿ ಸಣ್ಣ ಸೆಟ್ಟುಗಳು. ನಡುವೆ ಅಂಬಲವಯಲಿನ ಪೊನ್ಮುಡಿಕೋಟೆಯ ಮೇಲೆ ಸುಲ್ತಾನ್ ಬತ್ತೇರಿಯ ಹವ್ಯಾಸಿಗಳ ಸಂಘದವರು ಮೊದಲೇ ಸ್ಥಾಪಿಸಿದ್ದ ರಿಪೀಟರು. ಕೆಳಗಿನ ದನಿಯನ್ನು ಅದು ಎತ್ತಿಕೊಂಡು ಮತ್ತೆ ಬಿತ್ತರಿಸಿದ್ದರಿಂದ ಮಾತು ಗುಡ್ಡ ದಾಟಿತು.

"ಮೊದಲೇ ಸ್ಥಾಪಿಸಿದ್ದ" ಎಂಬ ಮಾತನ್ನು ದಯವಿಟ್ಟು ಗಮನಿಸಬೇಕು. ನಮ್ಮ ಹುಡುಗನ ಸೆಟ್ಟು ಗರಗರ ಎನ್ನುವುದಕ್ಕೆ ಕಾರಣ ಅಲ್ಲಿದೆ. ಈ ತರಂಗಗಳು ಹೆಚ್ಚುಕಡಿಮೆ ನೆಟ್ಟಗೆ ಸಾಗುತ್ತವೆ, ಭೂಮಿಯ ಬೆನ್ನು ಬಾಗಿದಲ್ಲಿ ಕೈಬಿಡುತ್ತವೆ. ಮೀಟರಿನಲ್ಲಿ ಎತ್ತರದ ವರ್ಗಮೂಲ ತೆಗೆದು ಸುಮಾರು 4ರಿಂದ ಗುಣಿಸಿದರೆ ತರಂಗ ಎಷ್ಟು ಕಿಲೋಮೀಟರು ಹೋದೀತೆಂದು ತಿಳಿಯುತ್ತದೆ. ಬಾಯಿಯ ಬಳಿ ಹಿಡಿದ ಸೆಟ್ಟಿಗೆ ಐದು ಕಿಲೋಮೀಟರು. ಮನೆ, ಮರ, ಕಬ್ಬಿನ ಗದ್ದೆ ಅಡ್ಡ ಬಂದರೆ ಎರಡೋ ಮೂರೋ. ಅದೇ ನೂರೈವತ್ತು ಮೀಟರು ಎತ್ತರದಲ್ಲಿ ಆಂಟೆನಾ ಇದ್ದರೆ ಐವತ್ತು ಕಿಲೋಮೀಟರು. ತುಳಜಾಪುರದ ಬೆಟ್ಟ ಬೋರಾಮಣಿಯಿಂದ ಸುಮಾರು ನಲವತ್ತು ಕಿಲೋಮೀಟರು ಉತ್ತರಕ್ಕಿದೆ. ಅಂಥ ಎತ್ತರದಲ್ಲಿ ರಿಪೀಟರೊಂದಿದ್ದರೆ ನಮ್ಮ ಬಯಲುಸೀಮೆಯ ಕೈಸೆಟ್ಟಿಗೂ ಅದು ಎಟಕೀತು ಎಂದು ಮಕ್ಕಳೇ ಹಲಗೆಯ ಮೇಲೆ ಲೆಕ್ಕ ಮಾಡಿದರು. ಪೊಸಡಿ ಗುಂಪೆಯನ್ನೂ ರಾಣಿಪುರವನ್ನೂ ಬೆನ್ನಿಗಿಟ್ಟುಕೊಂಡ ನಿಮಗೆ ಎತ್ತರದ ಬಡತನವೇನಿಲ್ಲ.

ಇನ್ನು ಸೆಟ್ಟಿಗೆ ಕಲಿಸಬೇಕಾದ ಪಾಠ. ಇದನ್ನು ಪ್ರೋಗ್ರಾಮ್ ಮಾಡುವುದು ಎಂದು ದೊಡ್ಡ ಮಾತಿನಲ್ಲಿ ಹೇಳುತ್ತಾರೆ. ಪೆಟ್ಟಿಗೆಯೊಳಗಿನ ಇಂಗ್ಲಿಷ್ ಪುಸ್ತಿಕೆ ನೋಡಿ ನಾನೂ ಒಮ್ಮೆ ಗಾಬರಿಯಾದೆ. ಲೈಸೆನ್ಸಿರುವ ಪರಿಚಿತರೊಬ್ಬರು ವಿವರಿಸಿದ ಮೇಲೆ ನೋಡಿದರೆ, ಇರುವುದು ನಾಲ್ಕೇ ಅಂಶ.

ರಿಪೀಟರು ಒಂದು ಆವೃತ್ತಿಯಲ್ಲಿ ಕೇಳುತ್ತದೆ, ಇನ್ನೊಂದರಲ್ಲಿ ಮಾತಾಡುತ್ತದೆ. ಎರಡನ್ನೂ ಒಂದರಲ್ಲೇ ಮಾಡಹೋದರೆ ಅದರ ದನಿಯೇ ಅದರ ಕಿವಿ ಮುಚ್ಚೀತು. ಉದಾಹರಣೆಗೆ ಅದು 145.700 ಮೆಗಾಹರ್ಟ್ಸಿನಲ್ಲಿ ಮಾತಾಡಿದರೆ 145.100ರಲ್ಲಿ ಕೇಳುತ್ತದೆ ಎನ್ನೋಣ. ನಮ್ಮ ಸೆಟ್ಟು ಇದಕ್ಕೆ ತದ್ವಿರುದ್ಧ: 145.700ರಲ್ಲಿ ಕೇಳಬೇಕು, ಗುಂಡಿ ಒತ್ತಿದಾಗ ತಾನಾಗಿ 145.100ಕ್ಕೆ ಇಳಿಯಬೇಕು. ಈ ಅಂತರಕ್ಕೆ ಆಫ್‌ಸೆಟ್ ಎನ್ನುತ್ತಾರೆ. ಇಲ್ಲಿ ಅದು 600 ಕಿಲೋಹರ್ಟ್ಸ್. ಇಳಿಯಬೇಕೋ ಏರಬೇಕೋ ಎಂಬುದಕ್ಕೆ ಕಳೆಯುವ ಇಲ್ಲವೆ ಕೂಡುವ ಚಿಹ್ನೆ. ಹೆಚ್ಚಿನವರು ಎಡವುವುದು ಇಲ್ಲಿ. ಸೆಟ್ಟು ಮೆಗಾಹರ್ಟ್ಸಿನಲ್ಲಿ ಕೇಳುತ್ತಿರುವಾಗ 0.600 ಎಂದು ಕೊಡುವ ಬದಲು 6 ಎಂದು ಒತ್ತಿಬಿಡುತ್ತಾರೆ. ಮಾತು ಎಲ್ಲಿಗೋ ಹೋಗುತ್ತದೆ. ದಶಮಾಂಶವನ್ನು ಐದನೆಯ ತರಗತಿಯಲ್ಲೇ ಕಲಿಸುತ್ತೇವೆ ಎಂದು ಹೆಮ್ಮೆಪಡುವ ನಾನೂ ಎಡವಿದೆ.

ಕೊನೆಯದು ಟೋನ್. ಅನೇಕ ರಿಪೀಟರುಗಳು ಕರೆದವರಿಗೆಲ್ಲ ಓಗೊಡುವುದಿಲ್ಲ. ದನಿಯ ಜೊತೆಗೆ 88.5 ಹರ್ಟ್ಸಿನಂಥ ಒಂದು ಮಂದ್ರ ನಾದ ಬರುತ್ತಿದ್ದರೆ ಮಾತ್ರ ಬಾಗಿಲು ತೆರೆಯುತ್ತವೆ. ಇದು ಗುಟ್ಟಿನ ಬೀಗವಲ್ಲ, ಗಾಳಿಗೆ ಬಾಗಿಲು ಬಡಿಯದಂತೆ ಹಾಕಿದ ಚಿಲಕವಷ್ಟೆ. ಈ ಟೋನನ್ನು ಕಳುಹಿಸುವ ಕಡೆಗೆ ಹಾಕಿದರೆ ಸಾಕು. ಕೇಳುವ ಕಡೆಗೂ ಹಾಕಿ, ರಿಪೀಟರು ಅದನ್ನು ತಿರುಗಿ ಕಳುಹಿಸದಿದ್ದರೆ, ಸೆಟ್ಟು ಮೂಗಬಸವನಂತೆ ಕೂರುತ್ತದೆ. ಎಲ್ಲ ಸರಿಹೊಂದಿದ ಮೇಲೆ ಒಂದು ಚಾನೆಲ್ ಸಂಖ್ಯೆಯಡಿ ಸೇರಿಸಿಡಬೇಕು. ಕೆಲವು ಅಗ್ಗದ ಸೆಟ್ಟುಗಳಲ್ಲಿ ಕೇಳುವ ಆವೃತ್ತಿಯನ್ನೊಮ್ಮೆ, ಕಳುಹಿಸುವ ಆವೃತ್ತಿಯನ್ನೊಮ್ಮೆ, ಹೀಗೆ ಎರಡು ಸಲ ಸೇರಿಸಬೇಕಾಗುತ್ತದೆ. ಈ ಅಂಕಿಗಳನ್ನು ಊಹಿಸಲಾಗದು. ಆಯಾ ರಿಪೀಟರು ನಡೆಸುವ ಸಂಘದವರನ್ನೇ ಕೇಳಿ ತಿಳಿಯಬೇಕು.

ಬ್ಯಾಟರಿ ಬಿಚ್ಚಿದ್ದಕ್ಕೆ ಕಾರಣ ಕಾನೂನು. 2018ರ ನಿಯಮದಂತೆ 446.0ರಿಂದ 446.2 ಮೆಗಾಹರ್ಟ್ಸಿನೊಳಗಿನ ಅಲ್ಪಶಕ್ತಿಯ ಸೆಟ್ಟುಗಳಿಗೆ ಲೈಸೆನ್ಸು ಬೇಡ, ಆದರೆ ಅವು ಹವ್ಯಾಸಿಗಳ ರಿಪೀಟರಿಗೆ ಹೋಗಲಾರವು. 144ರಿಂದ 146ರವರೆಗಿನ ಹವ್ಯಾಸಿ ಪಟ್ಟಿಯಲ್ಲಿ ಲೈಸೆನ್ಸಿಲ್ಲದೆ ಗುಂಡಿ ಒತ್ತುವುದು ಅಪರಾಧ. ಇಂಥ ಸೆಟ್ಟುಗಳನ್ನು ಲೈಸೆನ್ಸಿನ ಸುದ್ದಿಯೇ ಎತ್ತದೆ ಮಾರುತ್ತಿದ್ದ ಆನ್‌ಲೈನ್ ಅಂಗಡಿಗಳಿಗೆ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2025ರ ಮೇ ತಿಂಗಳಲ್ಲಿ ನೋಟೀಸು ಕೊಟ್ಟಿತು. ಪ್ರೀತಿಯಿಂದ ಕೊಂಡುಕೊಟ್ಟ ಕಾಕಾ ಅವರಿಗೆ ಇದು ಗೊತ್ತಿರಲಿಲ್ಲ. ಹುಡುಗನ ತಂದೆ ಶಾಲೆಗೆ ಬಂದು, "ಹಂಗಾದ್ರ ಇದನ್ನ ಒಲಿಗೆ ಹಾಕೂದೇನ್ರಿ ಗುರುಗಳ?" ಎಂದು ಕೇಳಿದರು. ಬೇಡ, ಹುಡುಗ ಪರೀಕ್ಷೆ ಬರೆಯಲಿ ಎಂದೆ.

ಹನ್ನೆರಡು ವರ್ಷ ತುಂಬಿದವರು ಯಾರೂ ಕೇಂದ್ರ ಸಂಪರ್ಕ ಇಲಾಖೆಯ ಈ ಪರೀಕ್ಷೆ ಬರೆಯಬಹುದು. ಕೆಳಗಿನ ದರ್ಜೆಗೆ ಮೋರ್ಸ್ ಸಂಕೇತವೂ ಬೇಡ. ಕೇಳುವುದು ಸ್ವಲ್ಪ ವಿದ್ಯುತ್ತು, ತರಂಗ, ಆಂಟೆನಾ, ಮತ್ತೆ ನಿಯಮಗಳು. ಇದರಲ್ಲಿ ಒಂದಷ್ಟು ನಮ್ಮ ಮಕ್ಕಳ ಕನ್ನಡ ವಿಜ್ಞಾನ ಪುಸ್ತಕದಲ್ಲೇ ಇದೆ. ಆದರೂ ಕನ್ನಡ ಮಾಧ್ಯಮದ ಹುಡುಗ ಇದು ಇಂಗ್ಲಿಷಿನವರ ಕೆಲಸವೆಂದು ದೂರ ಸರಿಯುತ್ತಾನೆ. ಸರಿಯುವಂತೆ ಮಾಡಿದವರಲ್ಲಿ ಅಧ್ಯಾಪಕರಾದ ನಾವೂ ಇದ್ದೇವೆ.

ನನ್ನ ಆಗ್ರಹ ವಿಜ್ಞಾನ ಪ್ರೇಮದಿಂದ ಮಾತ್ರ ಬಂದದ್ದಲ್ಲ. 1993ರ ಸೆಪ್ಟೆಂಬರ್ 30, ಗಣಪತಿ ವಿಸರ್ಜನೆಯ ಮರುಬೆಳಗು, ನಾಲ್ಕು ಗಂಟೆಗೆ ಮುನ್ನ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಸುಮಾರು ಹತ್ತು ಸಾವಿರ ಜನ ಸತ್ತರು. ನನಗಾಗ ಹದಿಮೂರು ವರ್ಷ. ನನ್ನ ಸೋದರಮಾವ ಉಮರ್ಗಾ ತಾಲೂಕಿನಲ್ಲಿದ್ದರು. ಮೂರು ದಿನ ಸುದ್ದಿಯಿಲ್ಲ. ತಂದೆ ಸೈಕಲ್ಲಿನಲ್ಲಿ ಹೋದರು. ಮಾವ ಬದುಕಿದ್ದರು, ಆದರೆ ಅಜ್ಜಿಯನ್ನು ಯಾವ ಆಸ್ಪತ್ರೆಗೆ ಒಯ್ದರೆಂದು ಮನೆಯವರಿಗೇ ಗೊತ್ತಿರಲಿಲ್ಲ. ಅಜ್ಜಿಗೆ ಕನ್ನಡ ಬಿಟ್ಟರೆ ಬೇರೆ ಬಾರದು. ಹೆಸರು ಬರೆದುಕೊಂಡವರಿಗೆ ಕನ್ನಡ ಬಾರದು. ಆರನೆಯ ದಿನ ಸಿಕ್ಕಳು, ಚೀಟಿಯಲ್ಲಿ ಬೇರೆ ಯಾರದೋ ಹೆಸರಿನಲ್ಲಿ.

ಆ ಚೀಟಿ ಬರೆದವರನ್ನು ನಾನು ದೂರುವುದಿಲ್ಲ. ಅವರಿಗೂ ನಿದ್ದೆಯಿರಲಿಲ್ಲ. ಆದರೆ ಆಪತ್ತಿನಲ್ಲಿ ಕಂಟ್ರೋಲ್ ರೂಮಿನ ಭಾಷೆ ನಿಮ್ಮಲ್ಲಿ ಮಲಯಾಳ, ನಮ್ಮಲ್ಲಿ ಮರಾಠಿ. ಗುಡ್ಡದ ತುದಿಯ ಮನೆಯ ಮುದುಕಿಯ ಭಾಷೆ ಕನ್ನಡವೋ ತುಳುವೋ. ನಡುವೆ ನಿಂತು ಎರಡನ್ನೂ ಬಲ್ಲ ಒಬ್ಬರು ಬೇಕು. ಎರಡು ಭಾಷೆ ನಮ್ಮ ಮಕ್ಕಳಿಗೆ ಬೀದಿಯಲ್ಲೇ ಬಂದಿದೆ. ಅದನ್ನು ಹೊರೆಯೆಂದು ಗೊಣಗಿದ್ದೇ ಹೆಚ್ಚು. ಅಂಥ ಒಂದು ಮಗುವಿಗೆ ಲೈಸೆನ್ಸೂ, ಸರಿಯಾಗಿ ಅಂಕಿ ತುಂಬಿದ ಒಂದು ಸೆಟ್ಟೂ ಇದ್ದರೆ, ಒಂದು ಪಂಚಾಯತಿಗೆ ಒಬ್ಬರಾದರೂ ಸಾಕು. ಕನ್ನಡ ಸಂಘಗಳು ವರ್ಷಕ್ಕೊಂದು ಸನ್ಮಾನದ ಶಾಲು ಕಡಿಮೆ ಮಾಡಿ ಆ ಪರೀಕ್ಷೆಯ ಶುಲ್ಕ ಕಟ್ಟಲಿ ಎಂದರೆ ಕೆಲವರಿಗೆ ಬೇಸರವಾದೀತು. ಆಗಲಿ.

ಸದ್ಯ ಆ ಸೆಟ್ಟು ನಮ್ಮ ಪ್ರಯೋಗಶಾಲೆಯ ಕಪಾಟಿನಲ್ಲಿದೆ, ಬ್ಯಾಟರಿ ನನ್ನ ಖಾನೆಯಲ್ಲಿ. ಇಬ್ಬರು ಹುಡುಗಿಯರೂ ಸೇರಿ ಐದು ಮಕ್ಕಳು ಶನಿವಾರ ಶಾಲೆ ಬಿಟ್ಟ ಮೇಲೆ ಕೂರುತ್ತಾರೆ. ನಿಯಮಗಳ ಭಾಗಕ್ಕೆ ಕನ್ನಡದಲ್ಲಿ ಟಿಪ್ಪಣಿ ನನಗೆ ಸಿಕ್ಕಿಲ್ಲ. ನಾನೇ ಬರೆದ ಹದಿನೆಂಟು ಪುಟಗಳಲ್ಲಿ ತಪ್ಪುಗಳಿರಬಹುದು. ಕಾಸರಗೋಡು, ಮಂಜೇಶ್ವರಗಳ ಕಡೆ ಲೈಸೆನ್ಸ್ ಪಡೆದ ಕನ್ನಡಿಗರಿದ್ದರೆ ಈ ಪತ್ರಿಕೆಯ ಮೂಲಕ ಒಂದು ಕಾಗದ ಹಾಕಬೇಕಾಗಿ ವಿನಂತಿ. ಆ ಪುಟಗಳನ್ನು ತಿದ್ದಲು ಕಳುಹಿಸುತ್ತೇನೆ, ಅಂಚೆವೆಚ್ಚ ನನ್ನದು.