ನಾದದ ಒಡೆತನ

ಬಳ್ಳಾರಿಯ ಮಗ್ಗುಲಲ್ಲಿರುವ ಸಂಗನಕಲ್ಲಿನ ಹಿರೇಗುಡ್ಡವನ್ನು ನಮ್ಮ ವಾಚಕರಲ್ಲಿ ಅನೇಕರು ದೂರದಿಂದಾದರೂ ಕಂಡಿರಬಹುದು. ಕಪ್ಪಗಲ್ಲಿನ ಕಡೆಗೆ ಹಾಯ್ದಿರುವ ಅದರ ಕಪ್ಪು ಡೋಲರೈಟ್ ಬಂಡೆಗಳಲ್ಲಿ ಕೆಲವನ್ನು ಸಣ್ಣ ಕಲ್ಲಿನಿಂದ ತಟ್ಟಿದರೆ ಅವು ಗಂಟೆಯಂತೆ ನಾದಗೈಯುತ್ತವೆ. ತಟ್ಟಿ ತಟ್ಟಿ ನುಣುಪಾದ ಗುಳಿಗಳು ಅವುಗಳ ಮೈಮೇಲೆ ಇಂದಿಗೂ ಕಾಣುತ್ತವೆ. ನವಶಿಲಾಯುಗದ ಜನರು ಈ ಬಂಡೆಗಳನ್ನು ವಾದ್ಯವಾಗಿ ಬಳಸಿರಬೇಕೆಂದು ಪ್ರಾಕ್ತನಶಾಸ್ತ್ರಜ್ಞರು ಊಹಿಸಿದ್ದಾರೆ. 1892ರಲ್ಲಿ ಫಾಸೆಟ್ ಎಂಬ ಆಂಗ್ಲ ಅಧಿಕಾರಿ ಈ ಸ್ಥಳವನ್ನು ಕುರಿತು ಬರೆದನು. ಅನಂತರ ಬಹುಮಟ್ಟಿಗೆ ಮರೆತುಹೋಗಿದ್ದ ಈ ಬಂಡೆಗಳ ವಿಚಾರವು 2004ರಲ್ಲಿ ಪ್ರಕಟವಾದ ಸಂಶೋಧನ ಲೇಖನದಿಂದ ಮತ್ತೆ ಬೆಳಕಿಗೆ ಬಂದಿತು. ಆ ವಾದ್ಯವನ್ನು ಆರಿಸಿದವನ ಹೆಸರಾಗಲಿ ಒಡೆಯನ ಮುದ್ರೆಯಾಗಲಿ ಅದರ ಮೇಲಿಲ್ಲ; ನಾದವೇ ಅದರ ಗುರುತು.

ಇಂದಿನ ಪರಿಸ್ಥಿತಿ ಬೇರೆ. ಸಂಗೀತವನ್ನು ಮನೆಯಲ್ಲಿ ಕೂತು ಯಥಾವತ್ತಾಗಿ ಕೇಳಬೇಕೆಂಬ ಅಭಿರುಚಿಯುಳ್ಳ ಗೃಹಸ್ಥನು ಹಲವು ತಿಂಗಳ ಸಂಬಳವನ್ನು ಕೂಡಿಟ್ಟು ಹೆಸರಾಂತ ಧ್ವನಿವರ್ಧಕವನ್ನು ಕೊಳ್ಳುತ್ತಾನೆ. ಅಂಗಡಿಯಲ್ಲಿ ಅವನು ಕೇಳುವುದು ಹೆಸರನ್ನು. ಹಣ ಕೊಡುವುದೂ ಆ ಹೆಸರನ್ನು ನಂಬಿ. ಆ ಹೆಸರು ಈಗ ಯಾರ ಸ್ವತ್ತು, ಅದನ್ನು ಹೆಸರಾಗಿಸಿದ ಕುಶಲಿಗಳು ಎಲ್ಲಿದ್ದಾರೆ, ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಇದು ಕೇವಲ ಶ್ರೀಮಂತರ ವಿನೋದದ ವಿಷಯವೆಂದು ತಳ್ಳಿಬಿಡುವುದು ಸರಿಯಲ್ಲ. ಹೆಸರಿಗೂ ಕೈಗೂ ಸಂಬಂಧ ಕಡಿದರೆ ಏನಾಗುವುದೆಂಬುದು ಎಲ್ಲ ಉದ್ಯಮಗಳಿಗೂ ಅನ್ವಯಿಸತಕ್ಕ ಮಾತು.

ಒಂದು ದೃಷ್ಟಾಂತವನ್ನು ನೋಡೋಣ. ಇಂಗ್ಲೆಂಡಿನ ವರ್ದಿಂಗ್ ಎಂಬ ಊರಿನಲ್ಲಿ 1966ರಲ್ಲಿ ಜಾನ್ ಬೋವರ್ಸ್ ಮತ್ತು ರಾಯ್ ವಿಲ್ಕಿನ್ಸ್ ಎಂಬ ಇಬ್ಬರು ಮಿತ್ರರು ತಮ್ಮ ಹೆಸರಿನಲ್ಲಿ ಕಂಪೆನಿಯನ್ನು ಸ್ಥಾಪಿಸಿದರು. ಐವತ್ತು ವರ್ಷಗಳಲ್ಲಿ ಅವರ ಧ್ವನಿವರ್ಧಕಗಳು ಜಗತ್ಪ್ರಸಿದ್ಧವಾದುವು. 2016ರಲ್ಲಿ ಆ ಕಂಪೆನಿಯನ್ನು ಕ್ಯಾಲಿಫೋರ್ನಿಯದ ಒಂದು ಹೊಸ ಸಂಸ್ಥೆ ಕೊಂಡಿತು. 2020ರಲ್ಲಿ ಅದು ಡೆನಾನ್, ಮರಾಂಟ್ಜ್ ಮೊದಲಾದ ಹೆಸರುಗಳ ಒಡೆತನವಿದ್ದ ಸೌಂಡ್ ಯುನೈಟೆಡ್‌ನವರ ಕೈಸೇರಿತು. 2022ರಲ್ಲಿ ಸೌಂಡ್ ಯುನೈಟೆಡ್ಡನ್ನೇ ಮಾಸಿಮೊ ಎಂಬ ಅಮೆರಿಕದ ಕಂಪೆನಿ ನೂರೆರಡೂವರೆ ಕೋಟಿ ಡಾಲರುಗಳಿಗೆ ಕೊಂಡಿತು. ಮಾಸಿಮೊದವರ ಮೂಲ ಕಸುಬು ಯಾವುದೆಂದರೆ, ರಕ್ತದಲ್ಲಿನ ಆಮ್ಲಜನಕವನ್ನು ಅಳೆಯುವ ಯಂತ್ರಗಳ ತಯಾರಿಕೆ. ಕೊರೋನಾ ಕಾಲದಲ್ಲಿ ಬೆರಳಿಗೆ ಸಿಕ್ಕಿಸಿಕೊಂಡು ನೋಡುತ್ತಿದ್ದೆವಷ್ಟೆ, ಆ ಬಗೆಯದು. ಆಸ್ಪತ್ರೆಯ ಯಂತ್ರಗಳನ್ನು ಮಾಡುವವರಿಗೆ ಸಂಗೀತದ ಪೆಟ್ಟಿಗೆಗಳೇಕೆ ಎಂದು ಅವರ ಪಾಲುದಾರರೇ ಮುನಿದರು. ಕಡೆಗೆ 2025ರಲ್ಲಿ ಈ ಇಡೀ ಗಂಟು ಮೂವತ್ತೈದು ಕೋಟಿ ಡಾಲರುಗಳಿಗೆ ಹರ್ಮನ್ ಸಂಸ್ಥೆಗೆ ಮಾರಾಟವಾಯಿತು. ಹತ್ತು ವರ್ಷಗಳೊಳಗೆ ನಾಲ್ವರು ಒಡೆಯರು! ಕೊಂಡ ಬೆಲೆಯ ಮೂರರಲ್ಲಿ ಒಂದು ಪಾಲಿಗೆ ಮಾರುವಾಗ ನಾದದ ಗುಣ ಮೂರರಲ್ಲಿ ಒಂದಾಗಿತ್ತೆ? ಇಲ್ಲ. ಏರಿಳಿದುದು ಲೆಕ್ಕದ ಪುಸ್ತಕವೇ ಹೊರತು ನಾದವಲ್ಲ.

ಈ ಹರ್ಮನ್ ಸಂಸ್ಥೆಯೂ ಸ್ವತಂತ್ರವಾದುದಲ್ಲ. ಜೆಬಿಎಲ್, ಎಕೆಜಿ, ಮಾರ್ಕ್ ಲೆವಿನ್ಸನ್, ಇನ್ಫಿನಿಟಿ ಮುಂತಾದ ಹೆಸರುಗಳನ್ನು ಆಗಲೇ ಕಲೆಹಾಕಿದ್ದ ಅದನ್ನು ಕೊರಿಯದ ಸ್ಯಾಮ್‌ಸಂಗ್ ಕಂಪೆನಿ 2017ರಲ್ಲಿ ಸುಮಾರು ಎಂಟುನೂರು ಕೋಟಿ ಡಾಲರು ತೆತ್ತು ಕೊಂಡಿತು. ಆದುದರಿಂದ ಇಂದು ಅಂಗಡಿಯ ಕಪಾಟಿನಲ್ಲಿ ಇಂಗ್ಲೆಂಡ್, ಅಮೆರಿಕ, ಜಪಾನ್, ಆಸ್ಟ್ರಿಯ ಎಂಬ ನಾಲ್ಕು ದೇಶಗಳ ಹೆಸರುಗಳು ಒಂದಕ್ಕೊಂದು ಪೈಪೋಟಿ ನಡೆಸುವಂತೆ ಕಂಡರೂ ಅವುಗಳಲ್ಲಿ ಹಲವಕ್ಕೆ ಬೇರು ಒಂದೇ. ಆರಿಸಿಕೊಂಡೆನೆಂದು ಭಾವಿಸುವ ಗಿರಾಕಿ ಒಬ್ಬನೇ ಯಜಮಾನನ ಎಡಗೈ ಬಲಗೈಗಳ ನಡುವೆ ಆರಿಸಿರಬಹುದು.

ಒಡೆತನ ಬದಲಾದ ಮಾತ್ರಕ್ಕೆ ಕೇಡೇ ಆಗುವುದೆಂದು ನಾವು ವಾದಿಸುವುದಿಲ್ಲ. ದೊಡ್ಡ ಬಂಡವಳದಿಂದ ಪ್ರಯೋಗಶಾಲೆಗಳು ಏಳುತ್ತವೆ, ದಿವಾಳಿಯ ಅಂಚಿನ ಕಾರ್ಖಾನೆಗಳು ಉಳಿಯುತ್ತವೆ. ವರ್ದಿಂಗ್ ಊರಿನಲ್ಲಿ ಆ ಕಂಪೆನಿಯ ಶ್ರೇಷ್ಠ ಪೆಟ್ಟಿಗೆಗಳ ತಯಾರಿಕೆ ಒಡೆಯರು ಬದಲಾದರೂ ನಿಲ್ಲಲಿಲ್ಲ. ಆದರೆ ವಿಯೆನ್ನಾ ನಗರದ ಕಥೆ ಬೇರೆ. ಎಕೆಜಿ ಕಂಪೆನಿ ಹುಟ್ಟಿದ್ದು ಅಲ್ಲಿ, 1947ರಲ್ಲಿ. ಅಲ್ಲಿ ರೂಪುಗೊಂಡ ಮೈಕುಗಳ ಮುಂದೆ ಹಾಡದ ದೊಡ್ಡ ಗಾಯಕರು ಕಡಮೆ. 2017ರಲ್ಲಿ ವಿಯೆನ್ನಾದ ಆ ಕಾರ್ಯಾಲಯವನ್ನು ಮುಚ್ಚಲಾಯಿತು. ಕೆಲಸ ಕಳೆದುಕೊಂಡವರಲ್ಲಿ ಕೆಲವರು ಅದೇ ನಗರದಲ್ಲಿ ಆಸ್ಟ್ರಿಯನ್ ಆಡಿಯೊ ಎಂಬ ಹೊಸ ಸಂಸ್ಥೆಯನ್ನು ಕಟ್ಟಿದರು. ಹೆಸರು ಒಡೆಯನ ಬಳಿ ಉಳಿಯಿತು. ಕೈಗಳು ಬೇರೆಡೆಗೆ ನಡೆದುವು. ಅಮೆರಿಕದ ಮಾರ್ಕ್ ಲೆವಿನ್ಸನ್ ಎಂಬಾತನ ಸ್ಥಿತಿ ಇನ್ನೂ ವಿಚಿತ್ರ. 1972ರಲ್ಲಿ ತನ್ನ ಹೆಸರಿನಲ್ಲೇ ಅವನು ಹುಟ್ಟುಹಾಕಿದ ಕಂಪೆನಿ ಅವನ ಕೈಬಿಟ್ಟಿತು. ಅವನ ಹೆಸರು ಮಾತ್ರ ಅವನಿಲ್ಲದ ಕಂಪೆನಿಯ ಪೆಟ್ಟಿಗೆಗಳ ಮೇಲೆ ಮೆರೆಯುತ್ತ ಬಂದಿತು.

ದೂರದ ದೇಶಗಳ ಮಾತೇಕೆ? ನಮ್ಮ ಬೆಂಗಳೂರಿನಲ್ಲೇ ನೋಡಬಹುದು. 1963ರಲ್ಲಿ ಪಾಲಘಾಟಿನಲ್ಲಿ ಆರಂಭವಾಗಿ ಅನಂತರ ಬೆಂಗಳೂರನ್ನು ಕೇಂದ್ರವಾಗಿ ಮಾಡಿಕೊಂಡ ಬಿಪಿಎಲ್ ಕಂಪೆನಿಯ ಟೇಪ್‌ರೆಕಾರ್ಡರುಗಳೂ ಟಿವಿಗಳೂ ಒಂದು ಕಾಲಕ್ಕೆ ಕನ್ನಡಿಗರ ಮನೆಮನೆಯ ವಸ್ತುಗಳಾಗಿದ್ದುವು. ಅತ್ಯುಚ್ಚ ದರ್ಜೆಯ ಸಲಕರಣೆಗಳು ಅವಲ್ಲ, ನಿಜ. ಆದರೂ ಪುರಂದರದಾಸರ ಪದಗಳನ್ನು, ರಂಗಗೀತೆಗಳನ್ನು ಎಷ್ಟೋ ಸಂಸಾರಗಳು ಕೇಳಿದ್ದು ಅವುಗಳಿಂದಲೇ. ಪರದೇಶದ ಕಂಪೆನಿಗಳ ಪೈಪೋಟಿಯಲ್ಲಿ ಆ ಉದ್ಯಮ ಕುಗ್ಗಿತು. 2021ರಲ್ಲಿ ಬಿಪಿಎಲ್ ಎಂಬ ಹೆಸರಿನಲ್ಲಿ ವಸ್ತುಗಳನ್ನು ಮಾಡಿಸಿ ಮಾರುವ ಪರವಾನಗಿಯನ್ನು ರಿಲಯನ್ಸ್ ರೀಟೇಲ್‌ನವರು ಪಡೆದರು. ಇತ್ತ ಅದೇ ಬೆಂಗಳೂರಿನಲ್ಲಿ ಹರ್ಮನ್ ಸಂಸ್ಥೆಯ ದೊಡ್ಡ ತಾಂತ್ರಿಕ ಕೇಂದ್ರವಿದೆ. ನಮ್ಮ ಎಂಜಿನಿಯರುಗಳು ಅಲ್ಲಿ ದುಡಿಯುತ್ತಾರೆ. ಬುದ್ಧಿ ನಮ್ಮದು, ಹೆಸರು ಪರರದು. ಈ ಸ್ಥಿತಿಯು ಸ್ವಾಭಿಮಾನವುಳ್ಳ ನಾಡಿಗೆ ತೃಪ್ತಿಕರವೆಂದು ಯಾರು ಹೇಳಿಯಾರು?

ಬೇರೊಂದು ಮಾರ್ಗವೂ ಉಂಟು. ಬ್ರಿಟಿಷರ ವಿರುದ್ಧ ಹೋರಾಡಿ ಅಮೆರಿಕೆಗೆ ತಪ್ಪಿಸಿಕೊಂಡು ಹೋದ ವಂಗದೇಶಭಕ್ತರಾದ ನೋನಿಗೋಪಾಲ ಬೋಸರ ಪುತ್ರ ಅಮರ ಬೋಸರು 1964ರಲ್ಲಿ ತಮ್ಮ ಧ್ವನಿವರ್ಧಕ ಕಂಪೆನಿಯನ್ನು ಸ್ಥಾಪಿಸಿದರು. ಅದರ ಪಾಲುಗಳನ್ನು ಅವರು ಪೇಟೆಗೆ ಬಿಡಲಿಲ್ಲ. 2011ರಲ್ಲಿ ಹೆಚ್ಚಿನ ಪಾಲನ್ನು ತಾವು ಓದಿ ಪಾಠ ಹೇಳಿದ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಗೆ ದಾನವಿತ್ತರು. ವಿದ್ಯಾಸಂಸ್ಥೆಯು ಆ ಪಾಲುಗಳನ್ನು ಮಾರಕೂಡದು, ಆಡಳಿತದಲ್ಲಿ ಕೈಹಾಕಕೂಡದು, ಲಾಭವನ್ನು ವಿದ್ಯೆಗೆ ವಿನಿಯೋಗಿಸಬೇಕು ಎಂಬುದು ಏರ್ಪಾಡು. ಆ ಕಂಪೆನಿಯೂ 2024ರಲ್ಲಿ ಮೆಕಿಂಟಾಷ್, ಸೋನಸ್ ಫೇಬರ್ ಎಂಬ ಬೇರೆಯವರ ಹಳೆಯ ಹೆಸರುಗಳನ್ನು ಕೊಂಡಿತೆಂಬುದನ್ನು ನಾವು ಮರೆಮಾಚುವುದಿಲ್ಲ. ಆದರೂ ಒಡೆತನವನ್ನು ವಿದ್ಯೆಗೆ ಕಟ್ಟಿಹಾಕಬಹುದೆಂಬುದನ್ನು ಭಾರತೀಯ ರಕ್ತದವನೊಬ್ಬನು ತೋರಿಸಿಕೊಟ್ಟಿದ್ದಾನೆ. ನಮ್ಮ ಉದ್ಯಮಪತಿಗಳಿಗೂ ವಿಶ್ವವಿದ್ಯಾನಿಲಯಗಳಿಗೂ ಇದು ಮೇಲ್ಪಂಕ್ತಿಯಾಗಬಾರದೇಕೆ? ಕೊಳಲುವಾದಕರೂ ಎಂಜಿನಿಯರರೂ ಆದವರೊಬ್ಬರು ಬೆಂಗಳೂರಿನಲ್ಲಿ ಕಟ್ಟಿದ ರಾಡೆಲ್ ಸಂಸ್ಥೆಯ ವಿದ್ಯುನ್ಮಾನ ತಂಬೂರಿಯು ನಮ್ಮ ಕಚೇರಿಗಳಲ್ಲಿ ಸ್ಥಾನ ಪಡೆದಿರುವಾಗ, ನಾದವನ್ನು ಬಲ್ಲ ಕುಶಲಿಗಳು ನಮ್ಮಲ್ಲಿಲ್ಲವೆಂಬ ಮಾತು ನಿಲ್ಲದು.

ಗಿರಾಕಿಗಳಾದ ಮಹಾಜನರಿಗೆ ನಮ್ಮ ವಿಜ್ಞಾಪನೆ ಇಷ್ಟೆ: ಪೆಟ್ಟಿಗೆಯ ಮುಂಭಾಗದ ದೊಡ್ಡಕ್ಷರವನ್ನು ಓದಿ ಸುಮ್ಮನಾಗಬೇಡಿ, ಹಿಂಭಾಗದ ಸಣ್ಣಕ್ಷರವನ್ನೂ ಓದಿ. ತಯಾರಿಸಿದವರ ಅಥವಾ ಆಮದು ಮಾಡಿದವರ ಹೆಸರು, ವಿಳಾಸ, ಮೂಲದೇಶ ಇವುಗಳನ್ನು ಅಚ್ಚುಹಾಕಬೇಕೆಂದು 2011ರ ತೂಕ ಅಳತೆಯ ನಿಯಮಗಳು ವಿಧಿಸುತ್ತವೆ. ಬಿಡಿಭಾಗಗಳು ಎಷ್ಟು ವರ್ಷ ದೊರೆಯುವುವು, ಬಳ್ಳಾರಿಯಲ್ಲಿ ರಿಪೇರಿ ಮಾಡುವವರು ಯಾರು, ಎಂದು ಕೇಳಿ ಬರೆಯಿಸಿಕೊಳ್ಳಿ. ಒಡೆಯನು ನಾಳೆ ಬದಲಾದರೆ ಹಳೆಯ ಮಾತಿಗೆ ಹೊಣೆ ಯಾರೆಂಬುದು ಹಣ ಕೊಡುವ ಮುನ್ನ ತಿಳಿಯತಕ್ಕ ವಿಷಯ. ಸರ್ಕಾರದವರು 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗಾಗಿ ಜಾಲತಾಣವನ್ನು ತೆರೆದಿದ್ದಾರೆ. ಅದು ಸ್ತುತ್ಯವೇ. ಆದರೆ ಅಂತಿಮ ಒಡೆಯನಾರೆಂಬುದನ್ನೂ ಪೆಟ್ಟಿಗೆಯ ಮೇಲೆ ಅಚ್ಚುಹಾಕಿಸುವುದು, ಒಡೆತನ ಕೈಬದಲಾದಾಗ ಹಿಂದಿನ ಗಿರಾಕಿಗಳಿಗೆ ಕೊಟ್ಟ ವಾಗ್ದಾನವನ್ನು ಹೊಸ ಒಡೆಯನು ನಡೆಸಲೇಬೇಕೆಂದು ವಿಧಿಸುವುದು ಇನ್ನೂ ಅವಶ್ಯಕ. ಸಂಬಂಧಪಟ್ಟ ಅಧಿಕಾರಿಗಳು ಇದನ್ನು ಗಮನಿಸುವರೆಂದು ಆಶಿಸುತ್ತೇವೆ.

ಹಿರೇಗುಡ್ಡದ ಬಂಡೆಗಳಿಗೂ ಇದೇ ಅಪಾಯ ಬಂದಿತ್ತೆಂಬುದು ನೆನಪಿನಲ್ಲಿರಲಿ. ನಾಲ್ಕು ಸಾವಿರ ವರ್ಷ ಮಳೆ ಬಿಸಿಲುಗಳಿಗೆ ಅಳುಕದ ಆ ಗುಡ್ಡವನ್ನು ಕಲ್ಲುಗಣಿಯವರು ಸಿಡಿಮದ್ದಿನಿಂದ ಒಡೆಯತೊಡಗಿದರು. ಪ್ರಾಚೀನ ನೆಲೆಯ ಭಾಗಗಳು ಹಾಳಾದುವು. ಬಂಡೆಯನ್ನು ಜಲ್ಲಿಯ ಬೆಲೆಯಿಂದ ಅಳೆಯುವವನಿಗೆ ಅದರಲ್ಲಿ ನಾದವಿರುವುದು ತಿಳಿಯದು. ಹೆಸರನ್ನು ಡಾಲರಿನ ಬೆಲೆಯಿಂದ ಅಳೆಯುವವನಿಗೂ ಅದನ್ನು ಗಳಿಸಿಕೊಟ್ಟ ಕೈಗಳು ಕಾಣವು. ಬಂಡೆಯನ್ನು ಕಾಯುವುದು, ಕುಶಲಿಯನ್ನು ಕಾಯುವುದು, ಎರಡೂ ನಮ್ಮ ಕರ್ತವ್ಯ. ಇವೆರಡನ್ನೂ ಕಳೆದುಕೊಂಡ ಮೇಲೆ ಎಷ್ಟು ಬೆಲೆಯ ಪೆಟ್ಟಿಗೆಯನ್ನು ಮನೆಗೆ ತಂದರೂ ಅದರಿಂದ ಕೇಳಿಬರುವುದು ಪರರ ನಾದವೇ.